ಕಾರಿನ ಗಾಳಿ ಫಿಲ್ಟರ್ ಮತ್ತು ಹುಣಸೂರು ಸೀಮೆಯ ಧೂಳು

ಕಾರಿನೊಳಗೆ ಬರುವ ಗಾಳಿಯನ್ನು ಸೋಸುವ ಫಿಲ್ಟರ್ ಕರ್ನಾಟಕದ ರಸ್ತೆಗಳಲ್ಲಿ ಸಾಮಾನ್ಯವಾದದ್ದು 2000ದ ಈಚೆಗೆ. ಕಂಪನಿಯ ಕೈಪಿಡಿಯಲ್ಲಿ ಅದು ಕ್ಯಾಬಿನ್ ಫಿಲ್ಟರ್ ಅಥವಾ ಪೊಲೆನ್ ಫಿಲ್ಟರ್. ಗ್ಯಾರೇಜುಗಳಲ್ಲಿ ಎಸಿ ಫಿಲ್ಟರ್. ಅದಕ್ಕೆ ಮೊದಲು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ದಾರಿಯ ಧೂಳಿಗೂ ಪ್ರಯಾಣಿಕರ ಮೂಗಿಗೂ ನಡುವೆ ಇದ್ದದ್ದು ತಲೆಗೆ ಸುತ್ತಿದ ಟವೆಲು ಇಲ್ಲವೇ ಮುಖಕ್ಕೆ ಅಡ್ಡ ಹಿಡಿದ ಸೆರಗು.

ಈ ಸೀಮೆಯ ವಾಹನ ಚರಿತ್ರೆ ಎತ್ತಿನಿಂದ ಶುರುವಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಣಸೂರು ಅಮೃತ ಮಹಲ್ ದನಗಳ ಕೇಂದ್ರವಾಗಿತ್ತು. ಬ್ರಿಟಿಷ್ ಸೈನ್ಯದ ಸಾಮಾನು ಸಾಗಿಸುವ ಎತ್ತುಗಳ ವ್ಯವಸ್ಥೆಯ ಜೊತೆಗೆ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ನೇಯ್ಗೆ, ಮರದ ಡಿಪೊಗಳೂ ಅಲ್ಲಿ ಬೆಳೆದವು. ಸರ್ಕಾರಿ ಕಾರ್ಖಾನೆಗಳು ಮುಚ್ಚಿದ ಮೇಲೂ ಕಲಿತ ಕೈಗಳು ಊರಲ್ಲೇ ಉಳಿದವು. ಹುಣಸೂರಿನ ಗಾಡಿಗಳ ಒಳ್ಳೆಯ ಕೆಲಸಗಾರಿಕೆಯನ್ನು ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದರು. ಕೊಡಗಿಗೂ ಮಲಬಾರಿಗೂ ಹೋಗುವ ದಾರಿ ಹುಣಸೂರನ್ನು ಹಾದು ಹೋಗುತ್ತಿದ್ದುದರಿಂದ ಗಾಡಿಗೆ ಕೆಲಸವೂ ಇತ್ತು, ದಾರಿಗೆ ಧೂಳೂ ಇತ್ತು. ಕಬ್ಬಿಣದ ಪಟ್ಟಿ ಹೊಡೆದ ಚಕ್ರ ಕೆಮ್ಮಣ್ಣನ್ನು ಹಿಟ್ಟು ಮಾಡುತ್ತದೆ; ಸಾಲಾಗಿ ಹೋಗುವ ಗಾಡಿಗಳಲ್ಲಿ ಹಿಂದಿನ ಗಾಡಿಯವನ ಪಾಲಿಗೆ ಬರುವುದು ಅದೇ. ಬೇಸಿಗೆಯಲ್ಲಿ ರಾತ್ರಿ ಗಾಡಿ ಕಟ್ಟುತ್ತಿದ್ದುದರಿಂದ ಎತ್ತುಗಳಿಗೆ ಬಿಸಿಲು ತಪ್ಪುತ್ತಿತ್ತು, ಮಂಜು ಬಿದ್ದ ಮಣ್ಣು ಅಷ್ಟಾಗಿ ಏಳುತ್ತಲೂ ಇರಲಿಲ್ಲ.

ಮೋಟಾರು ಬಂದಾಗ ವೇಗ ಹೆಚ್ಚಿತು, ಧೂಳು ಇನ್ನೂ ಹೆಚ್ಚಿತು. 1948ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಶುರುವಾದ ಮೇಲೂ ಒಳನಾಡಿನ ಎಷ್ಟೋ ರಸ್ತೆಗಳು ಡಾಂಬರು ಕಾಣಲು ದಶಕಗಳೇ ಹಿಡಿದವು. ಬಸ್ಸಿನ ಕಿಟಕಿಗೆ ಇಳಿಬಿಟ್ಟ ಟಾರ್ಪಾಲು ಮಳೆಯನ್ನು ತಡೆಯುತ್ತಿತ್ತೇ ಹೊರತು ಧೂಳನ್ನಲ್ಲ. 1957ರಿಂದ ತಯಾರಾದ ಅಂಬಾಸಿಡರ್ ಕಾರಿನಲ್ಲಿ ಮುಂದಿನ ಬಾಗಿಲಿನ ತ್ರಿಕೋನ ಗಾಜನ್ನು ತಿರುಗಿಸಿದರೆ ಗಾಳಿ ನೇರ ಮುಖಕ್ಕೆ ಬಡಿಯುತ್ತಿತ್ತು. ಎದುರಿಗೆ ಲಾರಿ ಕಂಡೊಡನೆ ಗಾಜು ಏರಿಸುವುದು, ಅದು ಹಾದುಹೋದ ಮೇಲೆ ಇಳಿಸುವುದು: ಆ ಕಾಲದ ಕಾರಿನವರಿಗೆ ಗೊತ್ತಿದ್ದ ಫಿಲ್ಟರ್ ಇಷ್ಟೇ.

ಹೊರದೇಶಗಳಲ್ಲಿ ಗಾಳಿ ಸೋಸುವ ಯೋಚನೆ ಹುಟ್ಟಿದ್ದು ಚಳಿಯಿಂದ. ಅಮೆರಿಕದ ನ್ಯಾಶ್ ಕಂಪನಿ 1938ರಲ್ಲಿ ಹೊರಗಿನ ಗಾಳಿಯನ್ನು ಎಳೆದು, ಸೋಸಿ, ಬಿಸಿ ಮಾಡಿ ಒಳಗೆ ಬಿಡುವ ವ್ಯವಸ್ಥೆಯನ್ನು ತಂದಿತು. ಮರುವರ್ಷ ಪ್ಯಾಕಾರ್ಡ್ ಕಂಪನಿ ಪ್ರಕಟಿಸಿದ ಎಸಿ ಹೊರಗಾಳಿಯನ್ನು ತೆಗೆದುಕೊಳ್ಳದೆ ಒಳಗಿನದನ್ನೇ ತಂಪು ಮಾಡಿ ಸುತ್ತಿಸುತ್ತಿತ್ತು. ವಸಂತದಲ್ಲಿ ಪರಾಗದಿಂದ ಸೀನಿ ಕಂಗೆಡುವವರು ಹೆಚ್ಚಿರುವ ಉತ್ತರ ಯುರೋಪಿನಲ್ಲಿ, ಪರಾಗವನ್ನೇ ಗುರಿಯಾಗಿಟ್ಟುಕೊಂಡ ಫಿಲ್ಟರನ್ನು ಸ್ವೀಡನ್ನಿನ ಸಾಬ್ ಕಂಪನಿ 1978ರ ತನ್ನ 900 ಮಾದರಿಯಲ್ಲಿ ಅಳವಡಿಸಿತು. ಮುಂದಿನ ದಶಕದ ಕೊನೆಗೆ ಜರ್ಮನಿಯ ತಯಾರಕರೂ ಆ ದಾರಿ ಹಿಡಿದರು.

ಭಾರತದಲ್ಲಿ ಫಿಲ್ಟರ್ ಬಂದದ್ದು ಎಸಿಯ ಹಿಂದೆ. 1983ರ ಕೊನೆಗೆ ಮಾರುತಿ 800 ರಸ್ತೆಗಿಳಿದಾಗ ಎಸಿ ಶ್ರೀಮಂತಿಕೆಯ ಗುರುತು. 2000ದ ಆರಂಭದಲ್ಲಿ ಬಿಡದಿಯ ಕಾರ್ಖಾನೆಯಿಂದ ಟೊಯೊಟಾ ಕ್ವಾಲಿಸ್ ಹೊರಟ ಹೊತ್ತಿಗೆ ಬಾಡಿಗೆ ಕಾರಿನವರೂ ಗಾಜು ಏರಿಸಿ ಓಡಿಸುವ ಕಾಲ ಬಂದಿತ್ತು. ಆದರೂ ಆಗಿನ ಕೆಲವು ಸಣ್ಣ ಕಾರುಗಳಲ್ಲಿ ಒಂದು ವಿಚಿತ್ರವಿತ್ತು. ಬೇರೆ ದೇಶಗಳಿಗೆಂದು ರೂಪಿಸಿದ ಎಸಿ ಪೆಟ್ಟಿಗೆಯಲ್ಲಿ ಫಿಲ್ಟರಿಗೆ ಜಾಗ ಇತ್ತು, ಇಲ್ಲಿ ಮಾರುವಾಗ ಅದನ್ನು ಖಾಲಿ ಬಿಟ್ಟು ಬಾಯಿಗೆ ಪ್ಲಾಸ್ಟಿಕ್ ಮುಚ್ಚಲಾಗಿತ್ತು. ಯುರೋಪಿನ ಪರಾಗಕ್ಕಿಂತ ಎಷ್ಟೋ ಪಾಲು ಹೆಚ್ಚು ಧೂಳು ಕುಡಿಯುವ ದೇಶಕ್ಕೆ ಬಂದಾಗಲೇ ಫಿಲ್ಟರ್ ಕೈಬಿಟ್ಟದ್ದು ಸರಿಯಾದ ಉಳಿತಾಯವಲ್ಲ. ಅಂಥ ಕಾರಿನ ಎಷ್ಟೋ ಮಾಲೀಕರು ಆ ಪ್ಲಾಸ್ಟಿಕನ್ನು ಬ್ಲೇಡಿನಿಂದ ಕತ್ತರಿಸಿ, ಅಳತೆಗೆ ಹೊಂದುವ ಫಿಲ್ಟರ್ ಕೊಂಡು ತಾವೇ ಹಾಕಿಕೊಂಡರು. ಮನೆಯಲ್ಲೇ ಫಿಲ್ಟರ್ ಬದಲಿಸುವ ರೂಢಿ ಬಲಗೊಂಡದ್ದರಲ್ಲಿ ಈ ಕೈಕೆಲಸದ ಪಾಲೂ ಇದೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ಫಿಲ್ಟರಿನ ಮಡಿಕೆಗಳಲ್ಲಿ ಸಿಗುವುದು ಬರೀ ರಸ್ತೆಯ ಮಣ್ಣಲ್ಲ. ಕಾವೇರಿಯ ಒಡ್ಡುಗಳಿಂದ ಹೊರಡುವ ಚಾಮರಾಜ, ಮಿರ್ಲೆ, ರಾಮಸಮುದ್ರ ನಾಲೆಗಳು ಕೆ.ಆರ್. ನಗರವನ್ನು ಭತ್ತದ ಕಣಜವನ್ನಾಗಿ ಮಾಡಿವೆ. ಕೊಯ್ಲಿನ ದಿನಗಳಲ್ಲಿ ಯಂತ್ರದ ಬಾಯಿಂದಲೂ ಅಕ್ಕಿ ಗಿರಣಿಗಳಿಂದಲೂ ಹೊಟ್ಟಿನ ಧೂಳು ಹಾರುತ್ತದೆ. ಮಳೆಯಾಶ್ರಯದ ಊರುಗಳಲ್ಲಿ ರಾಗಿಯನ್ನೂ ಹುರುಳಿಯನ್ನೂ ಡಾಂಬರು ರಸ್ತೆಯ ಮೇಲೆ ಹರಡಿ, ಓಡಾಡುವ ವಾಹನಗಳಿಂದಲೇ ತುಳಿಸುವ ಪದ್ಧತಿ ಬೆಳೆದಿದೆ. ಹಿಂದೆ ಪ್ರತಿ ಸುಗ್ಗಿಗೂ ನೆಲ ಕೆತ್ತಿ, ನೀರು ಹಾಕಿ, ಸಗಣಿಯಿಂದ ಸಾರಿಸಿ ಕಣ ಮಾಡುತ್ತಿದ್ದರು. ಆಳು ಸಿಗದ ಈ ಕಾಲದಲ್ಲಿ ರಸ್ತೆಯೇ ಕಣವಾಗಿದೆ. ಹುರುಳಿ ಬಳ್ಳಿ ಚಕ್ರಕ್ಕೆ ಸುತ್ತಿಕೊಂಡು ಕಾರಿಗೆ ಬೆಂಕಿ ಹತ್ತಿದ ಪ್ರಸಂಗಗಳೂ ರಾಜ್ಯದಲ್ಲಿ ನಡೆದಿವೆ. ರಸ್ತೆಯ ಮೇಲಿನ ಈ ಒಕ್ಕಣೆಯಿಂದ ಏಳುವ ಸುಂಕು ಬಾನೆಟ್ಟಿನ ಹಿಂಭಾಗದ ಜಾಲರಿಯೊಳಗೆ ನುಗ್ಗಿ ಫಿಲ್ಟರಿಗೆ ಅಂಟುತ್ತದೆ.

ಹುಣಸೂರು, ಪಿರಿಯಾಪಟ್ಟಣಗಳ ಕಡೆ ಇದಕ್ಕೆ ಹೊಗೆಯೂ ಸೇರುತ್ತದೆ. ಇದು ತಂಬಾಕು ಬೆಳೆಯುವ ನೆಲ; ಹುಣಸೂರಿನಲ್ಲಿ 1957ರಿಂದ ತಂಬಾಕು ಸಂಶೋಧನಾ ಕೇಂದ್ರವೇ ಇದೆ. ವರ್ಜೀನಿಯಾ ತಂಬಾಕಿನ ಸೊಪ್ಪನ್ನು ಹದಗೊಳಿಸುವ ಮನೆಗಳಾದ ಬ್ಯಾರನ್‌ಗಳಲ್ಲಿ ಮಳೆಗಾಲದ ಉತ್ತರಾರ್ಧದುದ್ದಕ್ಕೂ ಸೌದೆ ಉರಿಯುತ್ತದೆ. ಸಾಮಾನ್ಯ ಫಿಲ್ಟರ್ ಸೌದೆಹೊಗೆಯ ಅತಿ ಸಣ್ಣ ಕಣಗಳನ್ನು ಪೂರ್ತಿ ತಡೆಯಲಾರದು. ಇದ್ದಿಲಿನ ಪದರವಿರುವ ಫಿಲ್ಟರ್ ವಾಸನೆಯನ್ನು ಒಂದಷ್ಟು ಹೀರಿಕೊಳ್ಳುತ್ತದೆ.

ಪರಾಗದ ವಿಷಯದಲ್ಲಿ ಇಲ್ಲಿನ ಮುಖ್ಯ ಆರೋಪಿ ಕಾಂಗ್ರೆಸ್ ಗಿಡ. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಗುರುತಿಸಲಾದ ಈ ಪಾರ್ಥೇನಿಯಂ ಕಳೆ ಕರ್ನಾಟಕದ ರಸ್ತೆಬದಿಗಳನ್ನೆಲ್ಲ ಆವರಿಸಿತು. ಅದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ದುಂಬಿ ನೆಲೆಸಿತು, ಗಿಡ ಕಡಿಮೆಯಾದರೂ ನಿರ್ಮೂಲವಾಗಲಿಲ್ಲ. ಅದರ ಪರಾಗ ಮೂಗು ಸೋರುವಿಕೆಗೂ ಉಬ್ಬಸಕ್ಕೂ ದಾರಿ ಮಾಡುತ್ತದೆ. ಕಣದ ಅಗಲ ಸುಮಾರು 15ರಿಂದ 20 ಮೈಕ್ರಾನ್. ಸರಿಯಾಗಿ ಕೂತ ಫಿಲ್ಟರ್ ಇದನ್ನು ಸುಲಭವಾಗಿ ಹಿಡಿಯುತ್ತದೆ.

ಬದಲಿಸುವ ಕೆಲಸ ಕಷ್ಟದ್ದಲ್ಲ. ಬಹುಪಾಲು ಕಾರುಗಳಲ್ಲಿ ಫಿಲ್ಟರ್ ಇರುವುದು ಎಡಬದಿಯ ಗ್ಲೋವ್ ಬಾಕ್ಸಿನ ಹಿಂದೆ, ಬ್ಲೋವರಿಗೂ ಕೂಲಿಂಗ್ ಕಾಯಿಲಿಗೂ ಹತ್ತಿರ. ಡಬ್ಬಿಯನ್ನು ಖಾಲಿ ಮಾಡಿ, ಅದರ ಎರಡು ಪಕ್ಕಗಳನ್ನು ಒಳಕ್ಕೆ ಒತ್ತಿದರೆ ತಡೆಗಳು ಬಿಟ್ಟುಕೊಂಡು ಡಬ್ಬಿ ಪೂರ್ತಿ ಕೆಳಗೆ ಬಾಗುತ್ತದೆ. ಒಂದು ಬದಿಗೆ ದಾರದಂಥ ಕೊಂಡಿಯಿದ್ದರೆ ಅದನ್ನು ಮೊದಲು ಬಿಡಿಸಬೇಕು. ಹಿಂದೆ ಕಾಣುವ ಉದ್ದನೆಯ ಮುಚ್ಚಳದ ಕ್ಲಿಪ್ಪು ಒತ್ತಿ ತೆಗೆದು, ಹಳೆಯ ಫಿಲ್ಟರನ್ನು ಅಲುಗಿಸದೆ ನೆಟ್ಟಗೆ ಎಳೆಯಬೇಕು. ಅಲುಗಿದರೆ ಮೇಲಿನ ಎಲೆ, ಹೊಟ್ಟು, ಸತ್ತ ಹುಳುಗಳೆಲ್ಲ ಬ್ಲೋವರಿಗೆ ಬೀಳುತ್ತವೆ. ಹೊಸದರ ಅಂಚಿನಲ್ಲಿ ಗಾಳಿ ಹೋಗುವ ದಿಕ್ಕಿಗೆ ಬಾಣದ ಗುರುತಿರುತ್ತದೆ. ಅದನ್ನು ನೋಡಿಯೇ ಕೂರಿಸಬೇಕು.

ಹಳೆಯದನ್ನು ತೊಳೆದು ಮತ್ತೆ ಹಾಕುವ ಅಭ್ಯಾಸ ಈಗಲೂ ಇದೆ. ನೇಯದ ಪ್ಲಾಸ್ಟಿಕ್ ಎಳೆಗಳಿಗೆ ಕಾರ್ಖಾನೆಯಲ್ಲಿ ವಿದ್ಯುದಾವೇಶ ಕೊಟ್ಟಿರುತ್ತಾರೆ, ಸಣ್ಣ ಕಣಗಳು ಅಂಟುವುದು ಅದರಿಂದ. ತೊಳೆದಾಗ ಆ ಗುಣ ಕುಗ್ಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಊದಿಸಿದರೆ ಎಳೆಗಳು ಹರಿದು ರಂಧ್ರವಾಗುವ ಸಂಭವವಿದೆ. ತಯಾರಕರು ಸಾಮಾನ್ಯವಾಗಿ ಹೇಳುವ ಅವಧಿ ಹತ್ತರಿಂದ ಇಪ್ಪತ್ತು ಸಾವಿರ ಕಿಲೋಮೀಟರ್. ಧೂಳಿನ ದಾರಿಗೆ ಅಷ್ಟು ಕಾಯುವಂತಿಲ್ಲವೆಂದು ಅದೇ ಕೈಪಿಡಿಗಳು ಸೂಚಿಸುತ್ತವೆ. ಹುರುಳಿ, ರಾಗಿ ಒಕ್ಕಣೆ ಮುಗಿದ ಮೇಲೆ, ಅಂದರೆ ಫೆಬ್ರುವರಿಯ ಹೊತ್ತಿಗೆ ಬದಲಿಸುವುದು ಈ ಸೀಮೆಗೆ ಹೊಂದುವ ಲೆಕ್ಕ. ಮಳೆಗಾಲದಲ್ಲಿ ಎಸಿ ಹಾಕಿದಾಗ ಮುಗ್ಗಲು ವಾಸನೆ ಬಂದರೆ, ಒದ್ದೆಯಾದ ಹೊಟ್ಟಿನ ಮೇಲೆ ಬೂಷ್ಟು ಹಿಡಿದಿರುವ ಸಾಧ್ಯತೆ ಹೆಚ್ಚು. ಆಗ ತಿಂಗಳಾಗಲಿ ಕಿಲೋಮೀಟರಾಗಲಿ ಲೆಕ್ಕಕ್ಕೆ ಬರುವುದಿಲ್ಲ, ಫಿಲ್ಟರನ್ನು ತೆಗೆಯಲೇಬೇಕು.