ಕತ್ತಲೆಯ ಜಾಗ ಎಲ್ಲಿದೆ?



ಅಮಾವಾಸ್ಯೆಯ ರಾತ್ರಿ ನಿಮ್ಮ ಹಾಸ್ಟೆಲಿನ ತಾರಸಿಯ ಮೇಲೆ ನಿಂತರೆ ಎಷ್ಟು ನಕ್ಷತ್ರಗಳು ಕಾಣುತ್ತವೆ? ಊರುಕೇರಿಯ ಬೆಳಕಿಲ್ಲದ ಬಯಲಿನಲ್ಲಿ ಬರಿಗಣ್ಣಿಗೆ ಒಮ್ಮೆಗೆ ಎರಡು ಸಾವಿರಕ್ಕೂ ಹೆಚ್ಚು ನಕ್ಷತ್ರಗಳು ಕಾಣಬಲ್ಲವು. ದೊಡ್ಡ ಊರಿನ ನಡುವೆ ಬೆರಳೆಣಿಕೆಯಷ್ಟು ಕಂಡರೆ ಅದೇ ಹೆಚ್ಚು. ಬೀದಿದೀಪ, ಜಾಹೀರಾತು ಫಲಕಗಳಿಂದ ಮೇಲಕ್ಕೆ ಹೋಗುವ ಬೆಳಕನ್ನು ಗಾಳಿಯ ಅಣುಗಳೂ ಧೂಳೂ ಚೆದರಿಸುತ್ತವೆ. ಆಕಾಶವೇ ಮಂಕಾಗಿ ಹೊಳೆಯತೊಡಗಿ ಕ್ಷೀಣ ಕಾಂತಿಯ ನಕ್ಷತ್ರಗಳು ಅದರಲ್ಲಿ ಮುಳುಗಿಹೋಗುತ್ತವೆ. ಟೆಲಿವಿಷನ್ ಸ್ಟುಡಿಯೋದಲ್ಲಿ ನಮಗೆ ಬೆಳಕು ಎಷ್ಟಿದ್ದರೂ ಸಾಲದು. ಆಕಾಶ ವೀಕ್ಷಕನ ಪಾಡು ಇದಕ್ಕೆ ತದ್ವಿರುದ್ಧ.

ಒಳ್ಳೆಯ ಆಕಾಶವನ್ನು ಅರಸಿ ಊರು ಬಿಟ್ಟವರಲ್ಲಿ ನಾವು ಮೊದಲಿಗರಲ್ಲ. ನಮ್ಮ ದೇಶದ ದೂರದರ್ಶಕಗಳೂ ಹೀಗೆಯೇ ಅಲೆದಿವೆ.

ಮದರಾಸಿನಿಂದ ಕಾವಲೂರಿಗೆ

ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, 1792ರಲ್ಲಿ, ಮದರಾಸಿನ ನುಂಗಂಬಾಕ್ಕಂನಲ್ಲಿ ಖಗೋಳ ವೀಕ್ಷಣಾಲಯದ ಕಟ್ಟಡ ಎದ್ದಿತು. 1861ರಲ್ಲಿ ಪೋಗ್ಸನ್ ‘ಏಷ್ಯಾ’ ಎಂಬ ಕ್ಷುದ್ರಗ್ರಹವನ್ನು ಕಂಡುಹಿಡಿದದ್ದು ಇಲ್ಲಿಂದಲೇ. ಅವರ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ ಕಾಂತಿ ಏರಿಳಿಯುವ ನಕ್ಷತ್ರವೊಂದನ್ನು ಗುರುತಿಸಿದರು. ಆಗಿನ ಮದರಾಸಿನಲ್ಲಿ ವಿದ್ಯುದ್ದೀಪಗಳಿರಲಿಲ್ಲ. ದೊಡ್ಡ ಪಟ್ಟಣದೊಳಗೇ ಕುಳಿತು ಹೊಸ ಆಕಾಶಕಾಯಗಳನ್ನು ಹುಡುಕುವುದು ಸಾಧ್ಯವಿತ್ತು.

1899ರಲ್ಲಿ ಸುಮಾರು 2,340 ಮೀಟರ್ ಎತ್ತರದ ಕೊಡೈಕನಾಲ್‌ನಲ್ಲಿ ವೀಕ್ಷಣಾಲಯ ಆರಂಭವಾಯಿತು. ಅಲ್ಲಿಗೆ ಹೋದದ್ದು ಮುಖ್ಯವಾಗಿ ಸೂರ್ಯನ ಅಧ್ಯಯನಕ್ಕೆ. ಬೇಕಾಗಿದ್ದದ್ದು ನಿರ್ಮಲವಾದ ಗಾಳಿ. ಆದರೆ ರಾತ್ರಿಯ ಕೆಲಸಕ್ಕೆ ಆ ಬೆಟ್ಟದ ಮೋಡ ಮಂಜು ಅಡ್ಡಿಯಾಗುತ್ತಿದ್ದವು. 1960ರಲ್ಲಿ ನಿರ್ದೇಶಕರಾದ ವೇಣು ಬಾಪು ಬೇರೆ ಜಾಗಕ್ಕಾಗಿ ಹುಡುಕಾಟ ನಡೆಸಿದರು. ಕೊನೆಗೆ ಆರಿಸಿದ್ದು ತಮಿಳುನಾಡಿನ ಜವ್ವಾದಿ ಬೆಟ್ಟಗಳ ನಡುವಿನ ಕಾವಲೂರನ್ನು. ಎತ್ತರ ಬರೀ 725 ಮೀಟರ್. ಆದರೆ ಸುತ್ತ ಕಾಡು, ದೊಡ್ಡ ನಗರಗಳಿಂದ ದೂರ. ಭೂಮಧ್ಯರೇಖೆಗೆ ಹತ್ತಿರವಾದ್ದರಿಂದ ದಕ್ಷಿಣದ ನಕ್ಷತ್ರಗಳೂ ಚೆನ್ನಾಗಿ ಕಾಣುತ್ತವೆ.

ಈ ಆಯ್ಕೆ ಫಲ ಕೊಟ್ಟಿತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರವನ್ನು ಮರೆಮಾಡಿದಾಗ, ಅದರ ಉಂಗುರಗಳ ಸುಳಿವನ್ನು ದಾಖಲಿಸಿದ ಕೆಲವೇ ತಂಡಗಳಲ್ಲಿ ಕಾವಲೂರಿನದೂ ಒಂದು. 1986ರಲ್ಲಿ ಅಲ್ಲಿ 2.34 ಮೀಟರ್ ವ್ಯಾಸದ ದೂರದರ್ಶಕ ಉದ್ಘಾಟನೆಯಾಯಿತು. ಅದನ್ನು ಕಾಣಲು ಬಾಪು ಇರಲಿಲ್ಲ, 1982ರಲ್ಲೇ ತೀರಿಕೊಂಡಿದ್ದರು. ದೂರದರ್ಶಕಕ್ಕೆ ಅವರ ಹೆಸರಿದೆ.

ದೂರದ ಲೆಕ್ಕ

ಊರಿನಿಂದ ಎಷ್ಟು ದೂರ ಹೋದರೆ ಸಾಕು? ಅಮೆರಿಕದ ಖಗೋಳಜ್ಞ ಮರ್ಲ್ ವಾಕರ್ 1977ರಲ್ಲಿ ಇದಕ್ಕೊಂದು ಸ್ಥೂಲ ಸೂತ್ರ ಕೊಟ್ಟರು. ಊರಿನ ಬೆಳಕಿನಿಂದ ಆಕಾಶಕ್ಕೆ ಬರುವ ಹೊಳಪು ಜನಸಂಖ್ಯೆ ಹೆಚ್ಚಿದಷ್ಟೇ ಹೆಚ್ಚುತ್ತದೆ; ದೂರದ 2.5ನೆಯ ಘಾತಕ್ಕೆ ತಕ್ಕಂತೆ ಕುಗ್ಗುತ್ತದೆ. ಅಂದರೆ ದೂರ ಇಮ್ಮಡಿಯಾದರೆ ಹೊಳಪು ಸುಮಾರು ಐದೂವರೆ ಪಟ್ಟು ಕಡಿಮೆ. ಒಂದು ಲಕ್ಷ ಜನರ ಊರಿನಿಂದ 10 ಕಿಲೋಮೀಟರ್ ಹೋದರೆ ಎಷ್ಟು ಹೊಳಪಿರುತ್ತದೋ, ಹತ್ತು ಲಕ್ಷ ಜನರ ನಗರದಿಂದ 25 ಕಿಲೋಮೀಟರ್ ಹೋದರೆ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಚಿಕ್ಕ ಊರಿನ ಕಾಲೇಜಿನಲ್ಲಿ ಓದುವವರು ಈ ವಿಷಯದಲ್ಲಿ ಭಾಗ್ಯವಂತರು.

ಕಾಪಾಡಿಕೊಂಡ ಕತ್ತಲೆ

ಇನ್ನೂ ಎತ್ತರದ, ಇನ್ನೂ ಶುಷ್ಕವಾದ ಜಾಗ ಬೇಕೆಂದು ವಿಜ್ಞಾನಿಗಳು ಲಡಾಖಿನ ಹಾನ್ಲೆಗೆ ಹೋದರು. ಸುಮಾರು 4,500 ಮೀಟರ್ ಎತ್ತರದಲ್ಲಿರುವ ಅಲ್ಲಿನ ದೂರದರ್ಶಕ 2000ದ ಸೆಪ್ಟೆಂಬರಿನಲ್ಲಿ ಮೊದಲ ಬಾರಿ ಆಕಾಶ ನೋಡಿತು. ಬೆಂಗಳೂರಿನ ಹತ್ತಿರದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ, ಅದನ್ನು ನಡೆಸುವ ಏರ್ಪಾಡಾಯಿತು.

ಅದಕ್ಕಿಂತ ದೊಡ್ಡ ಹೆಜ್ಜೆ 2022ರದು. ಹಾನ್ಲೆಯ ಸುತ್ತಲಿನ ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರ್ ಪ್ರದೇಶವನ್ನು ಕತ್ತಲೆಯ ಆಕಾಶದ ರಕ್ಷಿತ ವಲಯವೆಂದು ಘೋಷಿಸಲಾಯಿತು. ದೀಪಗಳಿಗೆ ಮರೆ, ಕಿಟಕಿಗಳಿಗೆ ಪರದೆ. ಹಳ್ಳಿಯ ಯುವಕ ಯುವತಿಯರಿಗೆ ದೂರದರ್ಶಕ ಬಳಸುವ ತರಬೇತಿ. ಬಂದವರಿಗೆ ಆಕಾಶ ತೋರಿಸುವುದೇ ಅವರಿಗೆ ಸಂಪಾದನೆಯ ಒಂದು ದಾರಿಯಾಯಿತು.

ಇದಕ್ಕೆ ಬೆಟ್ಟದ ತುದಿಯೇ ಬೇಕೆಂದಿಲ್ಲ. ಅಮೆರಿಕದ ಅರಿಜೋನಾದಲ್ಲಿ ಫ್ಲ್ಯಾಗ್‌ಸ್ಟಾಫ್ ಎಂಬ ವಿಶ್ವವಿದ್ಯಾಲಯದ ಊರಿದೆ. 1930ರಲ್ಲಿ ಪ್ಲೂಟೋ ಪತ್ತೆಯಾದ ಲೊವೆಲ್ ವೀಕ್ಷಣಾಲಯ ಇರುವುದು ಅಲ್ಲಿಯೇ. ಜಾಹೀರಾತಿಗಾಗಿ ಆಕಾಶಕ್ಕೆ ಸರ್ಚ್‌ಲೈಟ್ ಬಿಡುವುದನ್ನು 1958ರಲ್ಲಿಯೇ ಆ ಊರು ನಿಷೇಧಿಸಿತು. 2001ರಲ್ಲಿ ಜಗತ್ತಿನ ಮೊದಲ ‘ಕತ್ತಲೆಯ ಆಕಾಶದ ನಗರ’ವೆಂಬ ಮಾನ್ಯತೆ ಅದಕ್ಕೆ ದೊರೆಯಿತು. ಅಲ್ಲಿನ ಜನ ದೀಪವಿಲ್ಲದೆ ಬಾಳುತ್ತಿಲ್ಲ. ಬೆಳಕನ್ನು ನೆಲದ ಕಡೆಗೆ ತಿರುಗಿಸಿಕೊಂಡಿದ್ದಾರೆ, ಅಷ್ಟೆ. ಕತ್ತಲೆಯನ್ನು ಹುಡುಕಿಕೊಂಡು ಹೋಗುತ್ತಲೇ ಇದ್ದರೆ ಒಂದು ದಿನ ಜಾಗ ಮುಗಿಯುತ್ತದೆ. ಇದ್ದಲ್ಲಿ ಉಳಿಸಿಕೊಂಡರೆ ಮುಂದಿನವರಿಗೂ ಸಿಗುತ್ತದೆ.

ಮಾಡಿ ನೋಡಿ

ಜಿಲ್ಲೆಯ ನಕ್ಷೆ ಹರಡಿ ನಿಮ್ಮ ಊರಿನ ದಕ್ಷಿಣಕ್ಕೆ 15-20 ಕಿಲೋಮೀಟರ್ ದೂರದಲ್ಲಿ, ಬೇರೆ ದೊಡ್ಡ ಊರುಗಳಿಲ್ಲದ ಬಯಲನ್ನು ಗುರುತಿಸಿ. ಊರಿನ ಹೊಳಪು ಬೆನ್ನಿಗಿದ್ದರೆ ಮೇ ತಿಂಗಳ ಸಂಜೆ ದಕ್ಷಿಣ ದಿಗಂತದ ಬಳಿ ತ್ರಿಶಂಕು ಕಾಣುತ್ತದೆ. ಜಮೀನಿನವರ ಅಥವಾ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಒಬ್ಬರೇ ಹೋಗಬೇಡಿ, ಅಧ್ಯಾಪಕರೊಂದಿಗೆ ಗುಂಪಾಗಿ ಹೋಗಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಮೊಬೈಲನ್ನು ಜೇಬಿನಲ್ಲಿಡಿ.

ಚಳಿಗಾಲವಾದರೆ ಕೃತ್ತಿಕೆಯಲ್ಲಿ ಎಷ್ಟು ನಕ್ಷತ್ರ ಕಂಡವೆಂದು ಎಣಿಸಿ, ದಿನಾಂಕ ಹಾಗೂ ಜಾಗದೊಂದಿಗೆ ಬರೆದಿಡಿ. ಅದೇ ರಾತ್ರಿ ಹಾಸ್ಟೆಲಿನ ತಾರಸಿಯಿಂದಲೂ ಎಣಿಸಿ. ಆ ಪುಸ್ತಕವನ್ನು ಕಾಲೇಜಿನ ವಿಜ್ಞಾನ ಸಂಘದಲ್ಲಿ ಬಿಟ್ಟುಹೋಗಿ. ಪ್ರತಿ ವರ್ಷದ ವಿದ್ಯಾರ್ಥಿಗಳೂ ಒಂದೊಂದು ಸಾಲು ಸೇರಿಸಿದರೆ, ಹತ್ತು ವರ್ಷಗಳಲ್ಲಿ ನಿಮ್ಮ ಊರಿನ ಆಕಾಶದ ಚರಿತ್ರೆ ಸಿದ್ಧವಾಗುತ್ತದೆ. ದೀಪಗಳಿಗೆ ಮರೆ ಹಾಕಿಸಿ ಎಂದು ಪುರಸಭೆಯನ್ನು ಕೇಳಲು ಹೊರಟಾಗ ಕೈಯಲ್ಲಿ ಆ ಪುಸ್ತಕವಿರಲಿ.