ತಕಸುಯೆಯ ಮಗಳು

ಜಪಾನಿನ ಹೇಯಾನ್ ಯುಗದ ಲೇಖಕಿ. ಜನನ 1008. ‘ಸರಾಶಿನ ನಿಕ್ಕಿ’ ಎಂಬ ಆತ್ಮಕಥನ ಈಕೆಯದು. ಸ್ವಂತ ಹೆಸರು ಉಳಿದಿಲ್ಲ. ತಂದೆ ಸುಗವಾರ ನೊ ತಕಸುಯೆಯ ಹೆಸರಿನಿಂದಲೇ ಗುರುತು. ಮನೆತನ ಕುಲೀನವಾದರೂ ಮಧ್ಯಮ ದರ್ಜೆಯದು. ‘ಕಗೆರೊ ನಿಕ್ಕಿ’ ಎಂಬ ಇನ್ನೊಂದು ಆತ್ಮಕಥನದ ಲೇಖಕಿ ಈಕೆಗೆ ದೊಡ್ಡಮ್ಮನಾಗಬೇಕು.

ಪ್ರಯಾಣ: ಕಜುಸ ಪ್ರಾಂತ್ಯದಲ್ಲಿ ತಂದೆಯ ಅಧಿಕಾರಾವಧಿ ಮುಗಿದು, 1020ರಲ್ಲಿ ಸಂಸಾರ ರಾಜಧಾನಿಗೆ (ಇಂದಿನ ಕ್ಯೋಟೊ) ಹೊರಟಿತು. ಆಗ ಈಕೆಗೆ ಜಪಾನೀ ಎಣಿಕೆಯಲ್ಲಿ 13 ವರ್ಷ. ದಾರಿ ಸುಮಾರು ಮೂರು ತಿಂಗಳದು. ತಂಗಲು ಹೆಚ್ಚಾಗಿ ಆಗಿಂದಾಗ ಎಬ್ಬಿಸಿದ ಗುಡಿಸಲುಗಳೇ. ಮೊದಲನೆಯದಕ್ಕೆ ಸುತ್ತುಗೋಡೆಯೇ ಇರಲಿಲ್ಲ, ಪರದೆ ಕಟ್ಟಿಕೊಂಡರು. ಇಕದದಲ್ಲಿ ಗುಡಿಸಲು ತೇಲಿಹೋಗುವಂಥ ಮಳೆ. ಭಯದಿಂದ ನಿದ್ದೆ ಹತ್ತಲಿಲ್ಲ. ಮತ್ಸುಸಾತೊ ಕಡವಿನಲ್ಲಿ ಹೆತ್ತ ದಾದಿಯನ್ನು ಹಿಂದೆ ಬಿಡಬೇಕಾಯಿತು. ಗಂಡ ತೀರಿಕೊಂಡಿದ್ದ ಆಕೆಗೆ ಸಿಕ್ಕಿದ್ದು ಒಂದೇ ಪದರ ಹುಲ್ಲು ಹೊದಿಸಿದ ಗುಡಿಸಲು. ಬೆಳದಿಂಗಳು ನೇರ ಒಳಗಿಳಿಯುತ್ತಿತ್ತು. ಅಣ್ಣನ ಜೊತೆ ಹೋಗಿ ನೋಡಿಬಂದ ಈ ಭಾಗ ಕೃತಿಯ ಅತ್ಯುತ್ತಮ ಗದ್ಯಗಳಲ್ಲೊಂದು. ಮರುವರ್ಷ ಸಾಂಕ್ರಾಮಿಕದಲ್ಲಿ ದಾದಿ ತೀರಿಕೊಂಡಳು. ಫುತಮುರ ಬೆಟ್ಟದಲ್ಲಿ ಗುಡಿಸಲು ಹಾಕಿದ್ದು ಪರ್ಸಿಮನ್ ಮರದಡಿ. ರಾತ್ರಿಯಿಡೀ ಸೂರಿನ ಮೇಲೆ ಹಣ್ಣು ಉದುರಿದವು.

1046ರ ಹಸೆ ದೇವಾಲಯದ ಯಾತ್ರೆಯ ಪ್ರಸಂಗವೊಂದು ಬೇರೆಯೇ ಬಗೆಯದು. ಕತ್ತಲಾಗಿ ಬಡವರ ಮನೆಯೊಂದರಲ್ಲಿ ಉಳಿದಾಗ ಮನೆ ಕಾಯುತ್ತಿದ್ದ ಆಳುಗಳು ರಾತ್ರಿಯಿಡೀ ಒಳಗೂ ಹೊರಗೂ ಓಡಾಡುತ್ತಿದ್ದರು. ಯಾಕೆಂದು ಕೇಳಿದ ಹೆಂಗಸರಿಗೆ ಅವರು ಹೇಳಿದ್ದು: ಗುರುತಿಲ್ಲದವರನ್ನು ಒಳಗೆ ಬಿಟ್ಟಿದ್ದೇವೆ, ಹಂಡೆ ಹೊತ್ತುಕೊಂಡು ಹೋದರೇನು ಗತಿ! ಎಚ್ಚರವಾಗಿದ್ದ ಲೇಖಕಿಗೆ ದಿಗಿಲೂ ಆಯಿತು, ನಗೆಯೂ ಬಂತು. ಕಳ್ಳರಿಗೆ ಹೆದರುತ್ತ ಬಂದವರೇ ಕಳ್ಳರೆನಿಸಿಕೊಂಡದ್ದನ್ನು ಮುಚ್ಚಿಡದೆ ಬರೆದದ್ದು ಆ ಕಾಲದ ಕುಲೀನ ಬರಹದಲ್ಲಿ ವಿರಳ.

ಪಠ್ಯ: ಬರೆದದ್ದು ಮುಪ್ಪಿನಲ್ಲಿ, 1058ರಲ್ಲಿ ಗಂಡ ತೀರಿಕೊಂಡ ಮೇಲೆ. ಹಾಗಾಗಿ ಬಾಲ್ಯದ ದಾರಿಯ ಭೂಗೋಳವನ್ನು ನಂಬುವಂತಿಲ್ಲ: ಸುಮಿದ ನದಿ ಮುಸಾಶಿ–ಸಗಾಮಿ ಪ್ರಾಂತ್ಯಗಳ ನಡುವೆ ಹರಿಯುತ್ತದೆ ಎನ್ನುತ್ತಾಳೆ, ಅದು ಮುಸಾಶಿಯ ಇನ್ನೊಂದು ಗಡಿ. ಊರುಗಳು ಕಲಸಿಹೋದರೂ ಸೂರುಗಳು ಮರೆತಿಲ್ಲ. ಈಗಿರುವ ಪ್ರತಿಗಳಿಗೆಲ್ಲ ಮೂಲ 13ನೆಯ ಶತಮಾನದಲ್ಲಿ ಕವಿ ಫುಜಿವಾರ ನೊ ತೇಯ್ಕ ಕೈಯಾರೆ ನಕಲು ಮಾಡಿದ ಹಸ್ತಪ್ರತಿ. ಮುಂದೆ ಅದನ್ನು ಹೊಲಿಯುವಾಗ ಹಾಳೆಗಳು ಅದಲುಬದಲಾದವು. ಅಲ್ಲಿಂದಾಚೆ ಶತಮಾನಗಳ ಕಾಲ ವಿದ್ವಾಂಸರು ಓದಿದ್ದು ಕ್ರಮ ತಪ್ಪಿದ ಪಠ್ಯವನ್ನೇ. 1924ರಲ್ಲಿ ವಿದ್ವಾಂಸ ತಮಾಯ್ ಕೊಸುಕೆ ಮೂಲಪ್ರತಿಯನ್ನು ಪರಿಶೀಲಿಸಿ ದೋಷವನ್ನು ಗುರುತಿಸಿದ. ಸುಮಿದದಂಥ ತಪ್ಪುಗಳು ತಿದ್ದಿದ ಮೇಲೂ ಉಳಿದವು. ಅವು ಹೊಲಿಗೆಯವಲ್ಲ, ಬಹುಶಃ ನೆನಪಿನವೇ. 1920ರ ಇಂಗ್ಲಿಷ್ ಅನುವಾದ ಈ ತಿದ್ದುಪಡಿಗಿಂತ ಹಿಂದಿನದು. ಓದುವವರು ಇವಾನ್ ಮಾರಿಸ್‌ನ 1971ರ ಅನುವಾದವನ್ನು ನೆಚ್ಚುವುದು ಲೇಸು.