ಊರು ಬಿಟ್ಟು ಹೊರಟ ಪದಗಳು



ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ನಿಮ್ಮಲ್ಲಿ ಅನೇಕರು ಜಾತ್ರೆಯಲ್ಲಿ ಶ್ರೀಕೃಷ್ಣ ಪಾರಿಜಾತ ನೋಡಿರಬಹುದು. ರಾಕ್ ಬ್ಯಾಂಡುಗಳ ಹಾಡನ್ನೂ ಕೇಳಿರುತ್ತೀರಿ. ಇವೆರಡಕ್ಕೂ ಏನು ಸಂಬಂಧ ಎನ್ನುವಿರಾ? ಎರಡೂ ಊರು ಬಿಟ್ಟು ಹೊರಟ ಹಾಡಿನ ಕಥೆಗಳೇ.

ಪಾರಿಜಾತವನ್ನು ರಚಿಸಿದವರು ಅಪರಾಳ ತಮ್ಮಣ್ಣ. ಅದನ್ನು ತಿದ್ದಿ ಬೆಳೆಸಿದವರು ಕುಲಗೋಡ ತಮ್ಮಣ್ಣ. ಊರೂರಿಗೆ ಒಯ್ದು ಮನೆಮಾತಾಗಿಸಿದವರಲ್ಲಿ ಕೌಜಲಗಿ ನಿಂಗಮ್ಮ ಪ್ರಮುಖರು. ಕುಲಗೋಡ, ಕೌಜಲಗಿ ಎರಡೂ ಹಿಂದಿನ ಅಖಂಡ ಗೋಕಾಕ ತಾಲ್ಲೂಕಿನ ಊರುಗಳು. ಆಟ ಬೆಳತನಕ ನಡೆಯುತ್ತಿತ್ತು. ಸತ್ಯಭಾಮೆಯ ಮುನಿಸು ಒಂದೇ ಹಾಡಿಗೆ ಇಳಿಯುತ್ತಿರಲಿಲ್ಲ; ನಡುವೆ ಮಾತು, ನಗೆ, ಕೊಂಕು ಎಲ್ಲವೂ ಇರುತ್ತಿದ್ದವು.

ಭಾರತದಲ್ಲಿ 1902ರಲ್ಲಿ ಗ್ರಾಮಫೋನ್ ಧ್ವನಿಮುದ್ರಣ ಆರಂಭವಾಯಿತು. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು ಮಾತ್ರ. ಯಂತ್ರ ಹಾಡನ್ನು ದೂರಕ್ಕೆ ಒಯ್ದಿತು, ಆದರೆ ಅದರ ಅಳತೆಯನ್ನೂ ತಾನೇ ನಿರ್ಧರಿಸಿತು. ಈ ಮಾತನ್ನು ನೆನಪಿಡಿ.

ಈಗ ನಮ್ಮ ಕಾಲಕ್ಕೆ ಬರೋಣ. ರಘು ದೀಕ್ಷಿತ್ ಮೈಸೂರಿನಲ್ಲಿ ಸೂಕ್ಷ್ಮಜೀವಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು. ವರ್ಷಗಟ್ಟಲೆ ಅವರ ಹಾಡುಗಳಿಗೆ ಪ್ರಕಾಶಕರು ಸಿಗಲಿಲ್ಲ. ಕೊನೆಗೆ ಸಂಗೀತ ನಿರ್ದೇಶಕ ಜೋಡಿ ವಿಶಾಲ್–ಶೇಖರ್ ಮುಂದೆ ಬಂದು, 2008ರಲ್ಲಿ ‘ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ ಮೊದಲ ಆಲ್ಬಂ ಹೊರತಂದರು. ಅದರಲ್ಲಿ ಶಿಶುನಾಳ ಷರೀಫರ (1819–1889) ಗುಡುಗುಡಿಯ ಪದವೂ ಸೋರುವ ಮನೆಯ ಪದವೂ ಇದ್ದವು. 2010ರಲ್ಲಿ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರ್ ಹಿಡಿದ ಕನ್ನಡಿಗರನ್ನು ಇಂಗ್ಲೆಂಡಿನ ಜನ ಬೆರಗಿನಿಂದ ನೋಡಿದರು. 2013ರಲ್ಲಿ ಎರಡನೆಯ ಆಲ್ಬಂ ‘ಜಗ್ ಚಂಗಾ’ ಬಂತು. ಹೊರದೇಶದ ಕೇಳುಗರು ಸಿಕ್ಕ ಮೇಲೂ ಅವರು ಷರೀಫರನ್ನು ಬಿಡಲಿಲ್ಲ. ಲೋಕದ ಕಾಳಜಿಯ ಪದ ಅದರಲ್ಲಿದೆ.

ಗಿಟಾರಿನಿಂದ ತತ್ವಪದ ಕೆಟ್ಟಿತೇ? ಹಾಗೆಂದು ಬೇಸರಪಡುವ ಹಿರಿಯರಿದ್ದಾರೆ. ಅವರ ಮಾತನ್ನು ಸುಮ್ಮನೆ ತಳ್ಳಿಹಾಕಬೇಡಿ. ಗುಡುಗುಡಿ ಎಂದರೆ ಬರೀ ಹುಕ್ಕಾ ಅಲ್ಲ, ಅದು ನಮ್ಮ ದೇಹ. ಸೋರುವ ಮನೆಯೂ ಅದೇ. ಭಜನೆಯಲ್ಲಿ ಇದನ್ನು ಬಿಡಿಸಿ ಹೇಳುವ ಒಬ್ಬ ಹಿರಿಯರು ಇರುತ್ತಿದ್ದರು. ಆಲ್ಬಮ್ಮಿನಲ್ಲಿ ಅವರಿಗೆ ಜಾಗವಿಲ್ಲ, ನಾವು ಮಾಡುವ ಅರ್ಧ ಗಂಟೆಯ ಕಾರ್ಯಕ್ರಮದಲ್ಲೂ ಅವರಿಗೆ ಸಿಗುವುದು ಎರಡೇ ನಿಮಿಷ. ಆದರೆ ಸ್ವತಃ ಷರೀಫರೂ ಕಟ್ಟುಪಾಡು ಮೀರಿದವರೇ. ಮುಸ್ಲಿಂ ಮನೆತನದಲ್ಲಿ ಹುಟ್ಟಿ, ಕಳಸದ ಗೋವಿಂದ ಭಟ್ಟರನ್ನು ಗುರುವಾಗಿ ಪಡೆದವರು ಅವರು. ಅವರ ಪದ ಹೊಸ ವಾದ್ಯಕ್ಕೆ ಹೆದರಬೇಕಾಗಿಲ್ಲ. ಅರ್ಥ ಕೇಳುವವರೇ ಇಲ್ಲವಾದರೆ ಮಾತ್ರ ಪದ ಸೊರಗುತ್ತದೆ.

ಆದ್ದರಿಂದ ಒಂದು ಕೆಲಸ ಮಾಡಿ. ಆಲ್ಬಮ್ಮಿನಲ್ಲಿ ಒಂದು ಪದ ಕೇಳಿ. ಬಳಿಕ ನಿಮ್ಮೂರಿನ ಭಜನಾ ಮಂಡಳಿಗೆ ಹೋಗಿ, ಅದೇ ಪದ ಹಾಡಿಸಿ, ಅರ್ಥ ಕೇಳಿ ಬರೆದುಕೊಳ್ಳಿ. ಹಾಡಿದವರ ಹೆಸರು, ದಿನಾಂಕ ಮರೆಯಬೇಡಿ. ಲೋಕ ಸುತ್ತಿ ಬಂದ ಪದಕ್ಕೆ ಊರಲ್ಲಿ ಒಂದು ವಿಳಾಸ ಉಳಿಯಲಿ.